ಇನ್ನೂರ ಹನ್ನೊಂದನೇ ಪುಟದ ಬೆನ್ನು

ಮಂಗಳವಾರ, ಫೆಬ್ರವರಿ ೧೦
ಅಡುಗೆಮನೆಯ ಮೇಜು, ಮಧ್ಯಾಹ್ನ ಎರಡೂವರೆ

ದ್ವೀಪದ ಆಸ್ಪತ್ರೆಯ ಹೆರಿಗೆ ಕೋಣೆಯ ಏಕಚಕ್ರಾಧಿಪತಿ, ಹುಟ್ಟುವ ಪ್ರತಿ ಕೂಸಿಗೂ ಮೊದಲ ಪೆಟ್ಟು ಕೊಡುವ ಅಧಿಕಾರವುಳ್ಳ ನನ್ನ ಅಕ್ಕನ ಸನ್ನಿಧಿಗೆ,

ತಮ್ಮನ ಸಾಷ್ಟಾಂಗ. ನಾವು ಮೂವರೂ ಇಲ್ಲಿ ಉಸಿರಾಡಿಕೊಂಡಿದ್ದೇವೆ. ನೀನೂ ಅದೇ ಕೆಲಸದಲ್ಲಿ ನಿರತಳಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಿಗೆ ಉತ್ತರ ಬರೆದಿಲ್ಲ. ವಿಳಂಬಕ್ಕೆ ಕಾರಣ ಪತ್ತೆಹಚ್ಚಲು ಒಂದು ಸಮಿತಿ ನೇಮಿಸಿದ್ದೆ. ಅಧ್ಯಕ್ಷನೂ ನಾನೇ, ಏಕೈಕ ಸದಸ್ಯನೂ ನಾನೇ. ಸೋಮಾರಿತನವೇ ಕಾರಣ ಎಂದು ವರದಿ ಬಂತು. ವರದಿಯನ್ನು ತಿರಸ್ಕರಿಸಿದ್ದೇನೆ.

ಮೊದಲು ಮನೆಯ ವಾರ್ತೆ. ಅಪ್ಪನ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ. ಅದು ಬಂದ ದಿನದಿಂದ ಮನೆಯಲ್ಲಿ ಎಲ್ಲೆಲ್ಲೂ ಧೂಳು ಕಾಣಿಸುತ್ತಿದೆಯಂತೆ, ನಾವಿಬ್ಬರು ಗಂಡಸರು ಬಟ್ಟೆ ಹಿಡಿದು ನಿಂತಿದ್ದೇವೆ. ನಾನು ಬೈಂಡಿಂಗ್ ಕಾರ್ಖಾನೆಯಲ್ಲಿ ಮೊದಲಿನಂತೆಯೇ ಇದ್ದೇನೆ. ಹದಿನಾರು ಹದಿನಾರು ಪುಟಗಳ ಮಡಿಕೆಗಳು ಬರುತ್ತವೆ, ಕ್ರಮ ತಪ್ಪಿಲ್ಲವೇ ನೋಡಿ ಜೋಡಿಸುತ್ತೇನೆ, ಹೊಲಿಗೆಗೆ ಕಳಿಸುತ್ತೇನೆ. ಪುಟದ ಸಂಖ್ಯೆ ಮಾತ್ರ ನೋಡು, ಓದಬೇಡ ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಓದುತ್ತೇನೆ.

ಈಗ ವಿಷಯ. ದೊಡ್ಡವರ ಆತ್ಮಕಥೆ ಬರುತ್ತಿದೆ. ಮಾಜಿ ಅಧ್ಯಕ್ಷರಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರಿದ್ದದ್ದೇ ಇಲ್ಲವಲ್ಲ. ಬಸ್ಸುಗಳ ಬೆನ್ನ ಮೇಲೆಲ್ಲ ಅವರ ಮುಖ. ಕ್ಷೌರದಂಗಡಿಯಲ್ಲಿ ದಿನಾ ಅಧಿವೇಶನ. ಅಂಗಡಿಯವನು ಹೇಳುವುದು, ಶಾಲೆ ಕಟ್ಟಿಸಿದರು, ಮನೆಮನೆಗೆ ನಲ್ಲಿ ಹಾಕಿಸಿದರು, ಬಡವ ಬರೆದ ಕಾಗದಕ್ಕೂ ಕೈಯಾರೆ ಉತ್ತರ ಬರೆದರು, ಆ ಎರಡು ತಿಂಗಳ ಯುದ್ಧ ಒಂದು ಬಿಟ್ಟರೆ ಅಪ್ಪಟ ಚಿನ್ನ. ‘ಒಂದು ಬಿಟ್ಟರೆ’ ಎನ್ನುವ ಹೊತ್ತಿಗೆ ತನ್ನ ಕೈಯಲ್ಲಿರುವ ತಲೆ ಯಾರದೆಂದು ನೆನಪಾಗಿ ಅವನ ಕತ್ತರಿ ನನ್ನ ಕಿವಿಯ ಪಕ್ಕ ನಿಂತುಬಿಡುತ್ತದೆ. ನಾನು ಕನ್ನಡಿಯಲ್ಲಿ ಅವನನ್ನು ನೋಡಿ, “ಹಿಂದೆ ಇನ್ನೊಂಚೂರು ಚಿಕ್ಕದು ಮಾಡಿ” ಎನ್ನುತ್ತೇನೆ. ಅವನ ಅಂಗಡಿಯಲ್ಲೂ ಅಧ್ಯಕ್ಷರ ಪತ್ರವೊಂದು ನೇತಾಡುತ್ತಿದೆ. ಅವನ ಮಗಳು ಮೊದಲ ದರ್ಜೆಯಲ್ಲಿ ಪಾಸಾದಾಗ ಬಂದದ್ದು. ಅದನ್ನು ಬರೆದದ್ದು ಅಪ್ಪ. ಆವತ್ತು ಅಪ್ಪನಿಗೆ ನೆಗಡಿಯಾಗಿತ್ತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೈಯಬೇಡ. ಕ್ರಮವಾಗಿ ಜೋಡಿಸದಿದ್ದರೆ ನನಗೆ ತಲೆಬುಡ ಹತ್ತುವುದಿಲ್ಲ, ಕಸುಬಿನ ದೋಷ.

ಅಧ್ಯಕ್ಷರ ಕಚೇರಿಯ ಹಿಂಭಾಗದಲ್ಲಿ ಉತ್ತರ ವಿಭಾಗ. ಐದು ಮೇಜು, ಐವರು ಗುಮಾಸ್ತರು, ಒಂದೇ ಅಕ್ಷರ. ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ದೊಡ್ಡವರ ಅಕ್ಷರ ತಿದ್ದುವುದೇ ತರಬೇತಿ. ದೂರು ಒಬ್ಬರಿಗೆ, ಅಭಿನಂದನೆ ಒಬ್ಬರಿಗೆ, ಹೀಗೆ ಹಂಚಿಕೆ. ಅಪ್ಪನ ಪಾಲಿಗೆ ಬಂದದ್ದು ಮಕ್ಕಳು ಮತ್ತು ಸಾವು. ಒಂದು ವಾರದಲ್ಲಿ ಬಳಸಿದ ಮಾತನ್ನು ಅದೇ ವಾರ ಇನ್ನೊಬ್ಬರಿಗೆ ಬಳಸಕೂಡದು. ಯಾರಿಗೆ ಬರೆದರೂ ಆ ಮನೆಯದೇ ಆದ ಒಂದು ಸಂಗತಿ ಅದರಲ್ಲಿರಬೇಕು. ಹೊರಗೆ ಉಸಿರೆತ್ತುವುದಿಲ್ಲವೆಂದು ಐವರೂ ಪ್ರಮಾಣ ಮಾಡಿದ್ದರು. ಹೊರಗೆಂದರೆ ಮನೆಯ ಬಾಗಿಲಿನಿಂದಾಚೆ. ಒಳಗೆ ಮುಚ್ಚಿಡುವುದು ಹೇಗೆ? ಹಾಲಿನವನಿಗೆ ಬರೆದಿಟ್ಟ ಚೀಟಿಯೂ ಅಧ್ಯಕ್ಷರ ಅಕ್ಷರದಲ್ಲಿ. ನನ್ನ ರಜಾಚೀಟಿ ಓದಿ ಗಣಿತದ ಮೇಷ್ಟ್ರು ಎದ್ದು ನಿಂತದ್ದು ನೆನಪಿದೆಯಾ? ಅಣ್ಣ, ನೀನು, ನಾನು, ಮೂವರಿಗೂ ಅಕ್ಷರ ತಿದ್ದಿಸಿದವರು ಅಪ್ಪನೇ ಆದ್ದರಿಂದ ನಾವೂ ಅದೇ ಬರೆಯುತ್ತೇವೆ. ನಿನ್ನ ದ್ವೀಪದಲ್ಲಿ ಹುಟ್ಟುವ ಕೂಸುಗಳೆಲ್ಲ ರಿಜಿಸ್ಟರಿನಲ್ಲಿ ಅಧ್ಯಕ್ಷರ ಹಸ್ತಾಕ್ಷರದಲ್ಲೇ ಜನಿಸುತ್ತಿವೆ. ಇದು ಸಣ್ಣ ಗೌರವವಲ್ಲ.

ಹಾಗಾಗಿ ದೊಡ್ಡವರು ಪತ್ರ ಬರೆಯುವುದಿಲ್ಲವೆಂದು ಅಮ್ಮನಿಗೆ ಚೆನ್ನಾಗಿ ಗೊತ್ತು. ಆದರೆ ಒಂದು ಪತ್ರ ಮಾತ್ರ ಅವರೇ ಬರೆದರೆಂದು ನಂಬಿದ್ದಾಳೆ. ನಡುಮನೆಯ ಗೋಡೆಯ ಮೇಲಿರುವುದು. ಅಣ್ಣ ಹೋದ ವಾರದ್ದು.

ಆ ವಾರ ನೀನು ಬಂದು ಮೂರೇ ದಿನಕ್ಕೆ ಹೊರಟುಬಿಟ್ಟೆ, ಆ ಪತ್ರದ ಕಡೆ ತಿರುಗಿಯೂ ನೋಡಲಿಲ್ಲ. ಆದ್ದರಿಂದ ಇದು ನಿನಗೆ ಗೊತ್ತಿಲ್ಲ. ಯುದ್ಧದಲ್ಲಿ ಕಣಿವೆ ರಸ್ತೆಯಿಂದ ವಾಪಸು ಬರದ ಲಾರಿ ಚಾಲಕರ ಪಟ್ಟಿ ಸಂತಾಪ ಬರೆಯಲೆಂದು ಅಪ್ಪನ ಮೇಜಿಗೇ ಹೋಗಿತ್ತು. ಐದು ಹೆಸರು. ನಾಲ್ಕನೆಯದರ ಮುಂದೆ ನಮ್ಮ ಮನೆಯ ವಿಳಾಸ. ಉಳಿದ ನಾಲ್ವರು ಗುಮಾಸ್ತರೂ ನಾವು ಬರೆಯುತ್ತೇವೆ ಕೊಡಿ ಎಂದರಂತೆ, ಅಪ್ಪ ಕೊಡಲಿಲ್ಲ. ಬರೆದು ಮುಗಿಸಿ, ತಾವೇ ಮನೆಗೆ ತಂದು ಅಮ್ಮನ ಕೈಯಲ್ಲಿಟ್ಟು, “ಇದೊಂದು ಅವರೇ ಬರೆದದ್ದು. ಬೆಳಿಗ್ಗೆಯೆಲ್ಲ ಅದಕ್ಕೇ ಕೂತಿದ್ದರು” ಎಂದರು. ಆ ರಾಶಿ ಸುಳ್ಳು ಪತ್ರಗಳ ನಡುವೆ ತನ್ನ ಮಗನಿಗಾಗಿ ದೇಶದ ಅಧ್ಯಕ್ಷ ಒಂದು ಬೆಳಗನ್ನು ಕೊಟ್ಟ ಎಂಬುದನ್ನು ಹಿಡಿದುಕೊಂಡು ಅಮ್ಮ ಎದ್ದು ಓಡಾಡಲು ಶುರುಮಾಡಿದಳು. ಮರುದಿನ ನಾನು ಅಪ್ಪನ ಚೀಲದಲ್ಲಿ ಪೆನ್ಸಿಲ್ ಹುಡುಕುವಾಗ ಹರಿದ ಹಾಳೆಗಳು ಸಿಕ್ಕವು. ನಲವತ್ತೊಂದು. ಎಲ್ಲದರಲ್ಲೂ ‘ಆತ್ಮೀಯರೇ’ ಎಂಬಲ್ಲಿಗೆ ಬರವಣಿಗೆ ನಿಂತಿತ್ತು.

ಈಗ ಪುಸ್ತಕ ನಮ್ಮ ಕಾರ್ಖಾನೆಗೇ ಬಂದಿದೆ, ಹೊಲಿಗೆಗೆ. ಕಳೆದ ಶುಕ್ರವಾರ ಇನ್ನೂರ ಹನ್ನೊಂದನೇ ಪುಟ ನನ್ನ ಕೈಗೆ ಸಿಕ್ಕಿತು. ದೊಡ್ಡವರು ಈ ವಯಸ್ಸಿನಲ್ಲಿ ಪ್ರಾಮಾಣಿಕರಾಗಲು ತೀರ್ಮಾನಿಸಿದ್ದಾರೆ. ಬರೆದಿರುವುದು ಇಷ್ಟು: ‘ನನ್ನ ಹೆಸರಿನಲ್ಲಿ ಜನರಿಗೆ ಹೋದ ಪತ್ರಗಳಲ್ಲಿ ಒಂದನ್ನೂ ನಾನು ಬರೆದಿಲ್ಲ. ಸಾವಿನ ಮನೆಗಳಿಗೆ ಹೋದವನ್ನೂ ಬರೆದಿಲ್ಲ. ಐವರು ಗುಮಾಸ್ತರು ಬರೆದರು. ಈ ದೇಶ ನನ್ನನ್ನು ಪ್ರೀತಿಸಿದ್ದರೆ ಅದು ಅವರ ಕೈಬರಹವನ್ನು ಪ್ರೀತಿಸಿದ್ದು.’ ಕೆಳಗೆ ಐದು ಹೆಸರು. ಅಪ್ಪನದು ಎರಡನೆಯದು.

ಓದಿದೆ. ಏನೂ ಅನ್ನಿಸಲಿಲ್ಲ. ಮಡಿಕೆಯನ್ನು ಅದರ ಜಾಗಕ್ಕೆ ಜೋಡಿಸಿ ಮುಂದಿನದನ್ನು ತೆಗೆದುಕೊಂಡೆ. ಮೂವತ್ತು ವರ್ಷ ಬೇರೆಯವರ ಹೆಸರಲ್ಲಿ ಬರೆದ ಮನುಷ್ಯನ ಹೆಸರು ಅಚ್ಚಾಗಿದೆ, ಸಂತೋಷಪಡಬೇಕು ಎಂದು ನನಗೆ ನಾನೇ ಸುತ್ತೋಲೆ ಹೊರಡಿಸಿದೆ. ಜಾರಿಯಾಗಲಿಲ್ಲ.

ಇತ್ತ ಅಮ್ಮನ ತಯಾರಿ ಜೋರಾಗಿದೆ. ಇಪ್ಪತ್ತಾರನೇ ತಾರೀಕು, ಗುರುವಾರ ಬಿಡುಗಡೆ. ಐವರು ಗುಮಾಸ್ತರಿಗೂ ಸಪತ್ನೀಕರಾಗಿ ಬರಬೇಕೆಂದು ಆಹ್ವಾನ ಬಂದಿದೆ; ಯಾಕೆಂದು ಅದರಲ್ಲಿ ಬರೆದಿಲ್ಲ. ಅಮ್ಮ ದೊಡ್ಡವರನ್ನು ಒಂದು ಮಾತು ಕೇಳಬೇಕಂತೆ: ಆವತ್ತು ಬೆಳಿಗ್ಗೆ ಬರೆಯುವಾಗ ನಿಮಗೆ ಏನನ್ನಿಸಿತು ಅಂತ. ಐದು ವರ್ಷದಿಂದ ಅವಳ ಹತ್ತಿರ ಇರುವುದು ಅದೊಂದೇ ಪ್ರಶ್ನೆ. ನಿನ್ನೆ ಊಟಕ್ಕೆ ಕೂತಾಗ, ಪುಸ್ತಕದಲ್ಲಿ ನಮ್ಮ ಪತ್ರದ ವಿಷಯ ಬಂದೇ ಬಂದಿರುತ್ತೆ ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಪ್ರಕಾಶಕರು ಆ ಪುಟದ ಪ್ರತಿಯನ್ನು ಒಪ್ಪಿಗೆಗೆಂದು ಅಪ್ಪನಿಗೆ ಮೊದಲೇ ಕಳಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ಸಂಜೆ ಮಹಡಿಯ ಮೇಲೆ ಇಬ್ಬರೇ ಬಟ್ಟೆ ಮಡಚುವಾಗ ಕೇಳಿದೆ, ಅಮ್ಮನಿಗೆ ಹೇಳ್ತೀರಾ ಎಂದು. ಅಪ್ಪ ಒಂದು ಟವೆಲ್ಲನ್ನು ನಾಲ್ಕು ಸಲ ಬಿಚ್ಚಿ ಮಡಚಿದರು. “ನಿಜ ಹೇಳೋಕೆ ಅವರಿಗೆ ಈಗ ಪುರುಸೊತ್ತಾಯ್ತು” ಎಂದರು. ಅಷ್ಟೇ.

ಆದ್ದರಿಂದ, ಅಕ್ಕಾ, ಗೃಹ ಇಲಾಖೆಯ ಪ್ರಭಾರ ಕಾರ್ಯದರ್ಶಿಯಾದ ನಾನು ಒಂದು ಯೋಜನೆಗೆ ಮಂಜೂರಾತಿ ಕೊಟ್ಟಿದ್ದೇನೆ. ನಮ್ಮ ಕಸುಬಿನಲ್ಲಿ ಕಸಿ ಎಂದೊಂದಿದೆ. ಒಂದು ಹಾಳೆ ತಪ್ಪಾಗಿ ಅಚ್ಚಾಗಿದ್ದರೆ ಇಡೀ ಪುಸ್ತಕ ಬಿಸಾಡುವುದಿಲ್ಲ. ಬುಡದಲ್ಲಿ ಕಡ್ಡಿಯಗಲ ಅಂಚು ಉಳಿಸಿ ಆ ಹಾಳೆ ಕತ್ತರಿಸುತ್ತೇವೆ, ಆ ಅಂಚಿಗೆ ಸರಿಯಾದ ಹಾಳೆಯನ್ನು ಅಂಟಿಸುತ್ತೇವೆ. ಒಳ್ಳೆಯ ಕೈಯಾದರೆ ಹೆತ್ತ ಲೇಖಕನಿಗೂ ಗೊತ್ತಾಗದು. ನನ್ನದು ಒಳ್ಳೆಯ ಕೈ. ಅಚ್ಚುಕೂಟದಲ್ಲಿ ಪುಟ ಜೋಡಿಸುವ ಸೋಡಾಗ್ಲಾಸನಿಗೆ ನನ್ನಿಂದ ಹಳೆಯ ಉಪಕಾರವಿದೆ. ಅಮ್ಮನಿಗಾಗಿ ಒಂದೇ ಒಂದು ಪ್ರತಿ, ಅದರಲ್ಲಿ ಇನ್ನೂರ ಹನ್ನೊಂದನೇ ಪುಟ ಬೇರೆ. ಪತ್ರಗಳನ್ನು ಬರೆಯಲಿಲ್ಲ, ಒಂದನ್ನು ಬಿಟ್ಟು ಎಂದು. ಬಿಡುಗಡೆಯ ದಿನ ಅಮ್ಮನಿಗೆ ಜ್ವರ ಬರಿಸುವ ಉಪಾಯ ಆಮೇಲೆ ಯೋಚಿಸುತ್ತೇನೆ.

ತಪ್ಪು ಅನ್ನಿಸಿದರೆ ಮುಂದಿನ ದೋಣಿಗೇ ಬರೆ. ನಿನ್ನ ದೋಣಿಯ ವೇಗ ನನಗೆ ಗೊತ್ತಿರುವುದರಿಂದಲೇ ಇಷ್ಟು ಧೈರ್ಯವಾಗಿ ಕೇಳುತ್ತಿದ್ದೇನೆ.

ಅಮ್ಮ ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ನಾನು ನಿನಗಿಂತ ಏಳು ವರ್ಷ ಚಿಕ್ಕವನಾದರೂ ಸಂದರ್ಭದ ಗಾಂಭೀರ್ಯಕ್ಕೆ ತಕ್ಕಂತೆ ನಾನೂ ಆಶೀರ್ವದಿಸುತ್ತೇನೆ.

ನಿನ್ನ ತಮ್ಮ,
ಪ್ರಭಾರ ಕಾರ್ಯದರ್ಶಿ, ಗೃಹ

ಮರೆತಿದ್ದೆ: ಅಪ್ಪ ಈಚೆಗೆ ಬೆಳಿಗ್ಗೆ ಎದ್ದು ಎಡಗೈಯಲ್ಲಿ ಬರೆದು ಅಭ್ಯಾಸ ಮಾಡುತ್ತಿದ್ದಾರೆ. ಬಲಗೈಯಿಂದ ಏನು ಬರೆದರೂ ದೊಡ್ಡವರದೇ ಬರುತ್ತದಂತೆ. ಕೆಲಸಕ್ಕೆ ಸೇರುವ ಮೊದಲು ತಮ್ಮ ಅಕ್ಷರ ಹೇಗಿತ್ತೆಂದು ಅಮ್ಮನನ್ನು ಕೇಳಿದರು. ಅಮ್ಮನಿಗೂ ನೆನಪಾಗಲಿಲ್ಲ.


ಶನಿವಾರ, ಫೆಬ್ರವರಿ ೨೮
ಅದೇ ಮೇಜು, ಬೆಳಿಗ್ಗೆ

ಅಕ್ಕಾ,

ನಿನ್ನ ಉತ್ತರ ಬಂತು. ‘ಬೇಡ. ಮುಟ್ಟಬೇಡ.’ ಇಷ್ಟು ಕಡಿಮೆ ಪದಗಳಲ್ಲಿ ಇಷ್ಟು ಕೆಟ್ಟದಾಗಿ ಯಾರೂ ನನ್ನನ್ನು ಬೈದಿರಲಿಲ್ಲ. ಆದರೆ ಅದು ಬಂದದ್ದು ಮೊನ್ನೆ. ಆ ಹೊತ್ತಿಗೆ ಮುಟ್ಟಿಯಾಗಿತ್ತು. ಈ ಸಲ ಬಿರುದುಗಳಿಲ್ಲ, ಕ್ಷಮಿಸು. ದಾಸ್ತಾನು ಮುಗಿದಿದೆ.

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಸೋಡಾಗ್ಲಾಸನ ಹತ್ತಿರ ಹೋದೆ. ಅವನು ಮೊದಲು ಆಗೋದಿಲ್ಲ ಎಂದ, ಆಮೇಲೆ ಕೆಲಸ ಹೋಗುತ್ತೆ ಎಂದ, ಆಮೇಲೆ ಅಮ್ಮನಿಗೆ ಅಂತ ಹೇಳ್ತಾ ಇದ್ದೀಯಲ್ಲ ಮಾರಾಯ ಎಂದು ಕುರ್ಚಿ ಎಳೆದುಕೊಂಡ. ಬದಲಾಯಿಸಿದ ಸಾಲು ಹೀಗೆ: ‘ಒಂದನ್ನು ಬಿಟ್ಟು ಉಳಿದ ಯಾವ ಪತ್ರವನ್ನೂ ನಾನು ಬರೆದಿಲ್ಲ. ಆ ಒಂದು ನನ್ನ ಕಚೇರಿಯ ಗುಮಾಸ್ತರೊಬ್ಬರ ಮನೆಗೇ ಹೋದದ್ದು. ಅದಕ್ಕೆ ನನಗೆ ಒಂದಿಡೀ ಬೆಳಗು ಬೇಕಾಯಿತು.’ ಸಾಲು ಹೆಚ್ಚಾಗಿ ಪುಟದ ಕೆಳಗೆ ಇಳಿಯಿತು. ಜಾಗ ಮಾಡಲು ದೊಡ್ಡವರ ಎರಡು ‘ಅತ್ಯಂತ’ಗಳನ್ನೂ ಒಂದು ‘ಐತಿಹಾಸಿಕ’ವನ್ನೂ ತೆಗೆದೆವು. ಗದ್ಯ ಸುಧಾರಿಸಿತು ಎಂದು ಸೋಡಾಗ್ಲಾಸನ ಅಭಿಪ್ರಾಯ.

ಹಾಳೆಗೆ ಎರಡು ಮುಖ ಇರುತ್ತವೆ. ಇನ್ನೂರ ಹನ್ನೊಂದನ್ನು ಬದಲಿಸಿದರೆ ಅದರ ಬೆನ್ನಿಗಿರುವ ಇನ್ನೂರ ಹನ್ನೆರಡನ್ನೂ ಮತ್ತೆ ಅಚ್ಚು ಹಾಕಲೇಬೇಕು. ಕೊನೆಯದಾಗಿ ತಿದ್ದಿದ ಪ್ರತಿ ಅಷ್ಟು ಹೊತ್ತಿಗೆ ಪ್ರಕಾಶಕರ ಬೀಗದೊಳಗೆ ಹೋಗಿತ್ತು. ಸೋಡಾಗ್ಲಾಸನ ಹತ್ತಿರ ಉಳಿದಿದ್ದದ್ದು ಅದಕ್ಕೂ ಮೊದಲು ತಿದ್ದುಪಡಿಗೆಂದು ತೆಗೆದ ಎರಡನೆಯ ಕರಡಚ್ಚು. ಹನ್ನೊಂದನ್ನು ನಾವು ಅಕ್ಷರ ಅಕ್ಷರ ನೋಡಿದೆವು. ಹನ್ನೆರಡನ್ನು ಸಂಖ್ಯೆ ಸರಿಯಿದೆಯಾ ಎಂದು ಮಾತ್ರ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಮೇಸ್ತ್ರಿಯ ಮಾತು ಕೇಳಿದೆ ನೋಡು, ಓದಲಿಲ್ಲ.

ಮಂಗಳವಾರ ಪುಸ್ತಕ ತಂದುಕೊಟ್ಟೆ. ಬಿಡುಗಡೆಗೆ ಮೊದಲೇ ಸಿಕ್ಕಿದ್ದು ಕಾರ್ಖಾನೆಯ ವಿಶೇಷ ಸೌಜನ್ಯ ಎಂದೆ. ಅಮ್ಮ ಕೈ ತೊಳೆದು ಬಂದು ತೆಗೆದುಕೊಂಡಳು. ಬುಧವಾರ ಮಧ್ಯಾಹ್ನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಓದುತ್ತಾ ಓದುತ್ತಾ ಆ ಪುಟಕ್ಕೆ ಬಂದಳು. ನಾನು ಊಟದ ಬಿಡುವಿಗೆ ಮನೆಗೆ ಬಂದಿದ್ದೆ. ಅಪ್ಪ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಬೂಟಿಗೆ ಪಾಲಿಷ್ ಹಾಕುತ್ತಿದ್ದರು. ಅಮ್ಮ ಆ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಓದಿ ಕನ್ನಡಕ ತೆಗೆದು ಒರೆಸಿಕೊಂಡಳು. ಅಪ್ಪ ಬ್ರಷ್ಷನ್ನು ಕೈಯಲ್ಲೇ ಹಿಡಿದು ನನ್ನ ಕಡೆ ನೋಡಿದರು. ಅಸಲು ಪುಟವನ್ನು ಓದಿದ್ದವರು, ಅವರಿಗೆ ಗೊತ್ತಾಗಿಹೋಯಿತು. ಬೈಯುತ್ತಾರೆ ಅಂದುಕೊಂಡೆ. “ಚೆನ್ನಾಗಿ ಬರೆದಿದ್ದಾರೆ” ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಅಮ್ಮ ಹಾಳೆ ತಿರುವಿದಳು.

ಆಮೇಲೆ ಅದೇ ದನಿಯಲ್ಲಿ, ದಿನಸಿ ಪಟ್ಟಿ ಓದುವಂತೆ, ಓದಿದಳು: ‘ಕಣಿವೆಯ ರಸ್ತೆ ಸುರಕ್ಷಿತವಲ್ಲವೆಂಬ ಟಿಪ್ಪಣಿ ಮೂರು ದಿನ ಮೊದಲೇ ನನ್ನ ಮೇಜಿಗೆ ಬಂದಿತ್ತು. ಲಾರಿಗಳನ್ನು ತಡೆದರೆ ಮುಂದಿನ ಠಾಣೆಗಳಿಗೆ ಊಟ ತಲುಪುತ್ತಿರಲಿಲ್ಲ. ತಡೆಯಬೇಡಿ ಎಂದೆ. ಹದಿನಾಲ್ಕು ಹೋದವು, ಒಂಬತ್ತು ಬಂದವು.’

ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡೆ ಅನ್ನಿಸುತ್ತದೆ. ಇಲ್ಲ, ಅವಳೇ ಕೊಟ್ಟಳು, ಓದಿ ವಾಪಸು ಕೊಟ್ಟೆ. ನಾನು ಕಾರ್ಖಾನೆಯಲ್ಲಿ ಸಾವಿರಾರು ಸಲ ಜೋಡಿಸಿದ ಇನ್ನೂರ ಹನ್ನೆರಡರಲ್ಲಿ ಈ ಮಾತಿಲ್ಲ. ಅಲ್ಲಿ ಕಣಿವೆಯ ಚಳಿಗಾಲದ ವರ್ಣನೆ ಇದೆ, ಹಿಮ ಬಿದ್ದ ಮರಗಳು ಇತ್ಯಾದಿ. ಎರಡನೆಯ ಕರಡಚ್ಚಿನ ನಂತರ ಯಾರೋ ಇದನ್ನು ತೆಗೆದು, ಸರಿಯಾಗಿ ಅಷ್ಟೇ ಸಾಲು ಮರಗಳನ್ನು ನೆಟ್ಟಿದ್ದಾರೆ. ಅವರೂ ಕಸಿ ಮಾಡಿದ್ದಾರೆ, ನನಗಿಂತ ಒಳ್ಳೆಯ ಕೈ. ಪತ್ರ ಬರೆಯಲಿಲ್ಲ ಎನ್ನುವ ಸಣ್ಣ ಸತ್ಯವನ್ನು ಇಟ್ಟುಕೊಂಡು ಇದನ್ನು ತೆಗೆದಿದ್ದಾರೆ. ಲಾರಿಗಳ ಮಾತಿರುವ ಪುಸ್ತಕ ಲೋಕದಲ್ಲಿ ಒಂದೇ, ಅದು ನಮ್ಮ ಅಮ್ಮನ ತೊಡೆಯ ಮೇಲಿದೆ. ಇಟ್ಟವನು ನಾನು.

ಅಮ್ಮ ಕೇಳಿದಳು, “ಇದು ಎಲ್ಲರ ಪುಸ್ತಕದಲ್ಲೂ ಇದೆಯಾ?”

ನೋಡು ನನ್ನ ಫಜೀತಿಯನ್ನು. ಇದೆ ಎಂದರೆ ನಾಳೆ ನೂರಾರು ಜನರೆದುರು ಇದನ್ನು ಕೇಳಿ ಸುಳ್ಳುಗಾತಿಯಾಗುತ್ತಾಳೆ. ಇಲ್ಲ ಎಂದರೆ ಈ ಪ್ರತಿಯಲ್ಲಿ ಹೇಗೆ ಬಂತೆಂದು ಹೇಳಬೇಕು. ಬೆನ್ನು ನಿಜ ಎಂದರೆ ಮುಖ ಸುಳ್ಳಾಗುತ್ತದೆ.

“ಇಲ್ಲ. ತೆಗೆದುಬಿಟ್ಟಿದ್ದಾರೆ” ಎಂದೆ.

“ಇದರಲ್ಲಿ ಹೇಗೆ ಉಳೀತು?”

ಹೇಳಿದೆ. ಸೋಡಾಗ್ಲಾಸ, ಅಂಟು, ಕರಡಚ್ಚು, ಎರಡು ‘ಅತ್ಯಂತ’, ಎಲ್ಲ. ಹೇಳುವಾಗ ನನ್ನ ದನಿ ಯಾರದೋ ವರದಿ ಓದುತ್ತಿರುವ ಹಾಗೆ ಕೇಳುತ್ತಿತ್ತು. ಅಮ್ಮ ಹಾಳೆಯನ್ನು ಹಿಂದಕ್ಕೆ ತಿರುವಿ ನಾನು ಬರೆದ ಸಾಲುಗಳ ಮೇಲೆ ಬೆರಳಿಟ್ಟಳು. ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಗೋಡೆಯ ಮೇಲಿರೋದು ನೀವು ಬರೆದದ್ದಾ ಎಂದು ಕೇಳಿದಳು. ಅಪ್ಪ ಹೂಂ ಎಂದರು.

“ಎಷ್ಟು ಹೊತ್ತು ಹಿಡೀತು?”

“ಮೂರು ದಿನ.”

ಅಮ್ಮ ಕಿಟಕಿಯಾಚೆ ನೋಡಿದಳು. ಎದುರುಮನೆಯವರು ಏಣಿ ಇಟ್ಟು ದೀಪ ಬದಲಾಯಿಸುತ್ತಿದ್ದರು. ಆಮೇಲೆ ಅಪ್ಪನಿಗೆ ಹೇಳಿದಳು, “ನೀವು ಬರೆದದ್ದು ಅಂತ ಆವತ್ತೇ ಹೇಳಿದ್ದಿದ್ರೆ, ಐದು ವರ್ಷ ನಾನು ಗೋಡೆ ಹತ್ರ ಅಳ್ತಾ ಇರಲಿಲ್ಲ. ನಿಮ್ಮ ಹತ್ರ ಅಳ್ತಿದ್ದೆ.”

ಅಪ್ಪ ಬೂಟಿನೊಳಗೆ ಕೈ ಹಾಕಿಕೊಂಡೇ ಕೂತಿದ್ದರು, ಒಂದು ಕೈಗೆ ಬೂಟು ತೊಟ್ಟವರ ಹಾಗೆ. ಬೇರೆ ದಿನವಾಗಿದ್ದರೆ ನಾನು ಅದಕ್ಕೊಂದು ಮಾತು ಅಂಟಿಸುತ್ತಿದ್ದೆ. ಅಮ್ಮ ಎದ್ದು ಚಹಾಕ್ಕೆ ನೀರಿಟ್ಟಳು. ನನ್ನ ಬಿಡುವು ಮುಗಿದಿತ್ತು, ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಅಳುತ್ತಿರಲಿಲ್ಲ. ಅಪ್ಪ ಏನೋ ಹೇಳುತ್ತಿದ್ದರು, ಆ ನಲವತ್ತೊಂದು ಹಾಳೆಗಳ ಬಗ್ಗೆ ಇರಬೇಕು. ನನ್ನನ್ನು ಕಂಡು ನಿಲ್ಲಿಸಿದರು.

ಗುರುವಾರ ಜ್ವರ ಬರಿಸುವ ಅಗತ್ಯ ಬೀಳಲಿಲ್ಲ. ಅಮ್ಮನೇ ಹೋಗೋಣ ಎಂದಳು. ವೇದಿಕೆಗೆ ಕರೆದಾಗ ನಾಲ್ವರು ಗುಮಾಸ್ತರು ಹತ್ತಿದರು. ಅಪ್ಪ ಮಂಡಿನೋವು ಎಂದು ಕೂತಲ್ಲೇ ಕೈಮುಗಿದರು, ಚಪ್ಪಾಳೆ ಬಂತು. ಭಾಷಣಗಳಾದವು. ಇಷ್ಟು ದೊಡ್ಡ ಮನುಷ್ಯ ಇಂಥ ಸಣ್ಣ ವಿಷಯದಲ್ಲೂ ಸತ್ಯವಂತ ಎಂದು ಒಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಸಹಿ ಹಾಕಿಸಿಕೊಳ್ಳುವವರ ಸಾಲು. ಅಮ್ಮ ತನ್ನ ಪುಸ್ತಕ ಹಿಡಿದು ನಿಂತಳು, ಹಿಂದೆ ನಾನು, ನನ್ನ ಹಿಂದೆ ಅಪ್ಪ.

ದೊಡ್ಡವರು ಈಗ ತುಂಬಾ ಸಣ್ಣಗಾಗಿದ್ದಾರೆ, ಅಕ್ಕಾ. ಅಂಗಿಯ ಕಾಲರು ಕತ್ತಿನಿಂದ ದೂರ ನಿಂತಿತ್ತು. ಅವರ ಸಹಾಯಕ ಮೊದಲ ಪುಟ ತೆರೆದುಕೊಡಲು ಕೈ ಚಾಚಿದ. ಅಮ್ಮ ಕೊಡಲಿಲ್ಲ, ತಾನೇ ಇನ್ನೂರ ಹನ್ನೆರಡು ತೆರೆದು ಅವರ ಮುಂದಿಟ್ಟು, “ಇಲ್ಲಿ ಹಾಕಿ” ಎಂದಳು. ಅವರು ಪೆನ್ನು ಊರಿದರು, ನಿಲ್ಲಿಸಿದರು, ಓದಿದರು. ಹಿಂದಿನವರು ಕೆಮ್ಮತೊಡಗಿದರು. ಇದು ನಿಮಗೆ ಎಲ್ಲಿ ಸಿಕ್ಕಿತು ಎಂದು ದೊಡ್ಡವರು ಕೇಳಿದರು.

“ನಾಲ್ಕನೇ ಲಾರಿ ನನ್ನ ಮಗ ಓಡಿಸ್ತಿದ್ದ” ಎಂದಳು.

ಅವರು ಅಮ್ಮನನ್ನು ನೋಡಿದರು, ಆಮೇಲೆ ನನ್ನ ಭುಜದ ಮೇಲಿಂದ ಅಪ್ಪನನ್ನು. ಅಪ್ಪನ ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. “ಇದ್ದದ್ದು ಇದ್ದ ಹಾಗೆ ಬರೆದಿದ್ದೆ” ಎಂದರು, ಬಹಳ ಮೆಲ್ಲಗೆ. ಸಹಿ ಹಾಕಿದರು. ಆ ಸಹಿ ನಮ್ಮ ಗೋಡೆಯ ಮೇಲಿರುವುದನ್ನಾಗಲಿ, ನಿನ್ನ ಅಕ್ಷರವನ್ನಾಗಲಿ, ನನ್ನದನ್ನಾಗಲಿ ಹೋಲುವುದಿಲ್ಲ. ಅಮ್ಮ ಪುಸ್ತಕ ಮುಚ್ಚಿಕೊಂಡು ಈಚೆ ಬಂದಳು. ಏನನ್ನಿಸಿತು ಎಂಬ ಆ ಪ್ರಶ್ನೆಯನ್ನು ಕೇಳಲಿಲ್ಲ. ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟಳು.

ಪತ್ರಿಕೆಗಳಲ್ಲಿ ಸಮಾರಂಭ ಅದ್ಧೂರಿಯಾಗಿ ನಡೆಯಿತೆಂದು ಬಂದಿದೆ. ಕ್ಷೌರದಂಗಡಿಯವನು ಪತ್ರವನ್ನು ಇಳಿಸಿದ್ದ. ಅದನ್ನು ಬರೆದದ್ದು ಅಪ್ಪ ಎಂದು ಗೊತ್ತಾದ ಮೇಲೆ ಮತ್ತೆ ತೂಗುಹಾಕಿ, ಅಪ್ಪನನ್ನು ಕರೆದು ಹಣ ಮುಟ್ಟದೆ ಕ್ಷೌರ ಮಾಡಿದ್ದಾನೆ. ನನ್ನ ಕೆಲಸ ಇನ್ನೂ ಇದೆ. ಸೋಡಾಗ್ಲಾಸನದೂ ಇದೆ. ಪ್ರಕಾಶಕರ ಕಡೆಯಿಂದ ಯಾರೂ ಬಂದು ಕೇಳಿಲ್ಲ. ಕೇಳಿದರೆ ನಾನೇ ಎಂದು ಹೇಳುವುದೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಲಾರಿಗಳ ಆ ಪ್ಯಾರಾವನ್ನು ಏನು ಮಾಡಬೇಕೆಂದು ಅಮ್ಮ ಉಳಿದ ನಾಲ್ವರು ಚಾಲಕರ ಮನೆಗಳಿಗೆ ಕಾಗದ ಬರೆಯುತ್ತಿದ್ದಾಳೆ. ಅಪ್ಪ ಹೇಳಿಕೊಡುತ್ತಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ.

ಅಮ್ಮ ನಿನ್ನನ್ನು ಒಂದು ವಾರದ ಮಟ್ಟಿಗಾದರೂ ಬಾ ಎನ್ನುತ್ತಾಳೆ. ಇಬ್ಬರ ಆಶೀರ್ವಾದವೂ ಇದರೊಂದಿಗಿದೆ. ನನ್ನದನ್ನು ಈ ಸಲ ಕಳಿಸುತ್ತಿಲ್ಲ; ನಿನ್ನದು ಒಂದಿಷ್ಟು ಇದ್ದರೆ ಈ ಕಡೆ ಕಳಿಸು.

ನಿನ್ನ
ತಮ್ಮ

ಇನ್ನೊಂದು. ಇದನ್ನು ಮೇಲೆಯೇ ಬರೆಯಬೇಕಿತ್ತು, ಜಾಗ ಸಿಗಲಿಲ್ಲ. ಯುದ್ಧದ ಆರನೇ ವಾರ ಅಣ್ಣ ನನಗೊಂದು ಕಾಗದ ಬರೆದಿದ್ದ, ನನ್ನ ಹೆಸರಿಗೆ, ಕಾಲೇಜಿನ ವಿಳಾಸಕ್ಕೆ. ಕಣಿವೆಯ ರಸ್ತೆಗೆ ಹಾಕುತ್ತಿದ್ದಾರೆ, ಅಲ್ಲಿ ಹೋಗುವ ಪ್ರತಿಯೊಬ್ಬನಿಗೂ ಭಯ, ನನಗೂ ಭಯ ಕಣೋ, ಅಪ್ಪನಿಗೆ ಹೇಳು, ದೊಡ್ಡವರ ಕಿವಿಗೆ ಒಂದು ಮಾತು ಹಾಕಲಿ ಎಂದಿತ್ತು. ಅಣ್ಣ ಎಂದಾದರೂ ಹೆದರಿದ್ದನ್ನು ನಾನು ನೋಡಿರಲಿಲ್ಲ. ತಮಾಷೆ ಎಂದುಕೊಂಡೆ. ಒಳ್ಳೆಯ ದಪ್ಪ ಕಾಗದ ತಂದು, ದೊಡ್ಡವರ ಅಕ್ಷರದಲ್ಲಿ, ದೊಡ್ಡವರ ಸಹಿಯೊಂದಿಗೆ ಉತ್ತರ ಬರೆದೆ: ‘ಆತ್ಮೀಯ ಚಾಲಕರೇ, ತಮ್ಮ ಭಯವನ್ನು ಸರ್ಕಾರ ಅತ್ಯಂತ ಗಂಭೀರವಾಗಿ ಪರಿಗಣಿಸಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಅಲ್ಲಿಯವರೆಗೆ ಲಾರಿ ಓಡಿಸುತ್ತಿರಿ.’ ಅಪ್ಪನಿಗೆ ಹೇಳಲಿಲ್ಲ. ಅಣ್ಣನ ಸಾಮಾನಿನ ಚೀಲ ಬಂದಾಗ ನಾನೇ ಮೊದಲು ಬಿಚ್ಚಿದೆ. ನನ್ನ ಕಾಗದ ಅವನ ಲೈಸೆನ್ಸಿನ ಜೊತೆ ನಾಲ್ಕು ಮಡಿಕೆಯಾಗಿ ಇತ್ತು. ಓದಿ ನಕ್ಕನೋ, ನಂಬಿ ಕಾದನೋ ತಿಳಿಯದು. ದೊಡ್ಡವರಿಗೆ ಮೂರು ದಿನ ಮೊದಲು ಗೊತ್ತಿತ್ತಂತೆ. ನನಗೆ ಹನ್ನೊಂದು ದಿನ ಮೊದಲು ಗೊತ್ತಿತ್ತು.